ಎಕ್ಸ್‌ಎಂಎಲ್ ಪ್ರಶ್ನಾಭಾಷೆಗಳಲ್ಲಿ ಗಣಕ್ರಿಯೆಗಳು ಮತ್ತು ಪಥಸೂತ್ರಗಳು

ಪೀಠಿಕೆ

ಗಣಿತಶಾಸ್ತ್ರದ ಮೂಲಭಾವನೆಗಳಲ್ಲಿ ಗಣದ ಭಾವನೆಯಷ್ಟು ಸರಳವೂ ಅಷ್ಟೇ ವ್ಯಾಪಕವೂ ಆದುದು ಮತ್ತೊಂದಿಲ್ಲವೆನ್ನಬಹುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿದ್ದ ಗೇಯೋರ್ಗ್ ಕ್ಯಾಂಟರ್ (1845–1918) ಅವರು ಗಣಸಿದ್ಧಾಂತಕ್ಕೆ ಭದ್ರವಾದ ತಳಹದಿಯನ್ನು ಹಾಕಿದರು. ಸಂಯೋಗ, ಛೇದನ, ವ್ಯತ್ಯಾಸ ಎಂಬ ಮೂರು ಗಣಕ್ರಿಯೆಗಳನ್ನು ಕಪ್ಪುಹಲಗೆಯ ಮೇಲೆ ಎರಡು ವೃತ್ತಗಳನ್ನೆಳೆದು ತೋರಿಸುವ ಪಾಠವು ಗಣಿತಾಧ್ಯಾಪಕರಿಗೆ ಕರತಲಾಮಲಕವಾದುದು. ಇದೇ ಮೂರು ಕ್ರಿಯೆಗಳು ಗಣಕಯಂತ್ರದ ದಾಖಲೆಗಳಿಂದ ಬೇಕಾದ ವಿಷಯವನ್ನು ಆರಿಸಿ ತೆಗೆಯುವ ಪ್ರಶ್ನಾಭಾಷೆಗಳಲ್ಲಿಯೂ ನೆಲೆಗೊಂಡಿವೆ. ಆದರೆ ಅಲ್ಲಿ ಅವು ಒಂಟಿಯಾಗಿ ಬರುವುದು ಅಪರೂಪ. ದಾಖಲೆಯೊಳಗೆ ಹೆಜ್ಜೆಹೆಜ್ಜೆಯಾಗಿ ಸಾಗುವ ಪಥಸೂತ್ರಗಳ ಜೊತೆಗೂಡಿಯೇ ಸಾಮಾನ್ಯವಾಗಿ ಬರುತ್ತವೆ.

ಈ ಕೂಟದಿಂದ ಒಂದು ಪ್ರಶ್ನೆ ಏಳುತ್ತದೆ. ಮೊದಲು ಗಣಕ್ರಿಯೆಯನ್ನು ಮಾಡಿ ಬಳಿಕ ಹೆಜ್ಜೆಯಿಡುವುದಕ್ಕೂ, ಮೊದಲು ಹೆಜ್ಜೆಯಿಟ್ಟು ಬಳಿಕ ಗಣಕ್ರಿಯೆಯನ್ನು ಮಾಡುವುದಕ್ಕೂ ವ್ಯತ್ಯಾಸವುಂಟೆ? ಮೇಲ್ನೋಟಕ್ಕೆ ಇದು ಕೇವಲ ಬರವಣಿಗೆಯ ಕ್ರಮದ ಪ್ರಶ್ನೆಯಂತೆ ತೋರಬಹುದು. ವಾಸ್ತವದಲ್ಲಿ, ತೇರ್ಗಡೆಯಾದವರ ಪಟ್ಟಿಯಲ್ಲಿ ಯಾರಿರಬೇಕು, ವಿದ್ಯಾರ್ಥಿವೇತನಕ್ಕೆ ಯಾರು ಅರ್ಹರು, ವಿಶೇಷ ಪಾಠ ಯಾರಿಗೆ ದೊರೆಯಬೇಕು ಎಂಬ ನಿರ್ಣಯಗಳೇ ಇದರ ಮೇಲೆ ನಿಲ್ಲುತ್ತವೆ. ತಪ್ಪಾದ ಸೂತ್ರವನ್ನು ಕೊಟ್ಟರೂ ಯಂತ್ರವು ದೋಷವಿದೆಯೆಂದು ಹೇಳುವುದಿಲ್ಲ. ನೋಡುವುದಕ್ಕೆ ಸರಿಯಾಗಿಯೇ ಕಾಣುವ ಒಂದು ಪಟ್ಟಿಯನ್ನು ನಿಶ್ಶಬ್ದವಾಗಿ ಮುಂದಿಡುತ್ತದೆ. ಆದಕಾರಣ ಈ ವಿಷಯವನ್ನು ಸಾವಧಾನವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ದಾಖಲೆಯ ಸ್ವರೂಪ

ಎಕ್ಸ್‌ಎಂಎಲ್ ಎಂಬುದು ಮಾಹಿತಿಯನ್ನು ಹೆಸರುಳ್ಳ ಗುರುತುಗಳ ನಡುವೆ ಅಡಕಮಾಡಿ ಬರೆದಿಡುವ ಒಂದು ಪದ್ಧತಿ. 1986ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಎಸ್‌ಜಿಎಂಎಲ್ ಎಂಬ ಹಿರಿಯ ಪದ್ಧತಿಯನ್ನು ಸರಳಗೊಳಿಸಿ, ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಸಂಸ್ಥೆಯು 1998ರ ಫೆಬ್ರವರಿಯಲ್ಲಿ ಇದನ್ನು ಪ್ರಕಟಿಸಿತು. ಇಂದು ಕಚೇರಿಗಳಲ್ಲಿ ಬೆರಳಚ್ಚು ಮಾಡಿ ಉಳಿಸುವ ಸಾಮಾನ್ಯ ಪತ್ರಗಳ ಒಳಗೂ ಬಹುಮಟ್ಟಿಗೆ ಇರುವುದು ಎಕ್ಸ್‌ಎಂಎಲ್ ಬರಹವೇ. ಗುರುತಿನ ಹೆಸರುಗಳನ್ನು ರೋಮನ್ ಲಿಪಿಯಲ್ಲೇ ಬರೆಯಬೇಕೆಂಬ ನಿರ್ಬಂಧ ಈ ಪದ್ಧತಿಯಲ್ಲಿಲ್ಲ. ಕನ್ನಡ ಅಕ್ಷರಗಳಲ್ಲಿಯೂ ಹೆಸರಿಡಲು ಅವಕಾಶವಿದೆಯೆಂಬುದು ನಮಗೆ ಸಂತೋಷದ ಸಂಗತಿ. ಉದಾಹರಣೆಗಾಗಿ ಕಲ್ಪಿತವಾದ ಒಂದು ಶಾಲೆಯ ಅಂಕಪಟ್ಟಿಯ ಆರಂಭವನ್ನು ನೋಡೋಣ:

<ಶಾಲೆ>
  <ತರಗತಿ ಸಂಖ್ಯೆ="9">
    <ವಿದ್ಯಾರ್ಥಿ ಕ್ರಮ="1">
      <ಅಂಕ ವಿಷಯ="ಕನ್ನಡ">72</ಅಂಕ>
      <ಅಂಕ ವಿಷಯ="ಗಣಿತ">31</ಅಂಕ>
    </ವಿದ್ಯಾರ್ಥಿ>
    …
  </ತರಗತಿ>
  …
</ಶಾಲೆ>

ಉಳಿದವರನ್ನೂ ಹೀಗೆಯೇ ಬರೆದಿದೆಯೆಂದು ಭಾವಿಸೋಣ. ಒಟ್ಟಿನಲ್ಲಿ ನಾಲ್ವರ ವಿವರ ಹೀಗಿದೆ:

ಕ್ರಮ 1 (9ನೆಯ ತರಗತಿ): ಕನ್ನಡ 72, ಗಣಿತ 31
ಕ್ರಮ 2 (9ನೆಯ ತರಗತಿ): ಕನ್ನಡ 64, ಗಣಿತ 80
ಕ್ರಮ 3 (10ನೆಯ ತರಗತಿ): ಕನ್ನಡ 30, ಗಣಿತ 28
ಕ್ರಮ 4 (10ನೆಯ ತರಗತಿ): ಕನ್ನಡ 91, ಗಣಿತ 72

ತೇರ್ಗಡೆಗೆ ಬೇಕಾದ ಕನಿಷ್ಠ ಅಂಕ 35 ಎಂದು ಇಟ್ಟುಕೊಳ್ಳೋಣ.

ಇಂಥ ದಾಖಲೆಯನ್ನು ಯಂತ್ರವು ಒಂದು ಮರದಂತೆ ಕಾಣುತ್ತದೆ. ಶಾಲೆಯೆಂಬುದು ಬೇರು, ತರಗತಿಗಳು ಕೊಂಬೆಗಳು, ವಿದ್ಯಾರ್ಥಿಗಳು ರೆಂಬೆಗಳು, ಅಂಕಗಳು ಎಲೆಗಳು. ಮರದಲ್ಲಿನ ಇಂತಹ ಒಂದೊಂದು ಸ್ಥಾನವನ್ನೂ ನೋಡ್ ಎಂದು ಕರೆಯುತ್ತಾರೆ. ಕಬ್ಬಿನ ಗೆಣ್ಣನ್ನು ನೆನೆದುಕೊಂಡರೆ ಅರ್ಥ ಸುಲಭವಾಗುತ್ತದೆ. ಒಂದನ್ನು ಒಳಗೊಂಡಿರುವ ನೋಡ್ ಅದಕ್ಕೆ ತಾಯಿ, ಒಳಗಿರುವುದು ಮಗು ಎಂದು ವ್ಯವಹರಿಸೋಣ.

ಪಥಸೂತ್ರ

ಮರದೊಳಗೆ ಬೇಕಾದ ನೋಡ್‌ಗಳಿಗೆ ದಾರಿ ಹೇಳುವುದೇ ಪಥಸೂತ್ರ. ಇದರ ನಿಯಮಗಳನ್ನು ನಿರೂಪಿಸುವ ಎಕ್ಸ್‌ಪಾಥ್ ಎಂಬ ಭಾಷೆಯ ಮೊದಲನೆಯ ಆವೃತ್ತಿ 1999ರ ನವೆಂಬರ್‌ನಲ್ಲಿ ಹೊರಬಂದಿತು. ಅದರ ಬರವಣಿಗೆ ಹೀಗಿರುತ್ತದೆ:

/ಶಾಲೆ/ತರಗತಿ/ವಿದ್ಯಾರ್ಥಿ

ಓರೆಗೆರೆಯೊಂದು ಒಂದು ಹೆಜ್ಜೆಯ ಸಂಕೇತ. ಶಾಲೆಯಿಂದ ತರಗತಿಗಳಿಗೆ, ಪ್ರತಿಯೊಂದು ತರಗತಿಯಿಂದ ಅದರ ವಿದ್ಯಾರ್ಥಿಗಳಿಗೆ ನಡೆದರೆ ನಾಲ್ಕು ನೋಡ್‌ಗಳು ದೊರೆಯುತ್ತವೆ. ಜೋಡಿ ಓರೆಗೆರೆಯು (//) ಎಷ್ಟು ಆಳದಲ್ಲಿದ್ದರೂ ಹುಡುಕು ಎಂಬುದನ್ನು ಸೂಚಿಸುತ್ತದೆ. ಚೌಕಾವರಣದೊಳಗೆ ನಿಬಂಧನೆಯನ್ನು ಬರೆಯುತ್ತಾರೆ. //ಅಂಕ[. < 35] ಎಂದರೆ 35ಕ್ಕಿಂತ ಕಡಿಮೆಯಿರುವ ಎಲ್ಲ ಅಂಕಗಳು. ಹೆಜ್ಜೆಯ ಸ್ಥಾನದಲ್ಲಿ ಎರಡು ಚುಕ್ಕೆಗಳಿದ್ದರೆ (/..) ತಾಯಿನೋಡ್‌ಗೆ ಮರಳಿ ಏರು ಎಂದರ್ಥ.

ಇಲ್ಲಿ ಎರಡು ಸಂಗತಿಗಳನ್ನು ಮನಗಾಣಬೇಕು. ಮೊದಲನೆಯದು, ಹೆಜ್ಜೆಯನ್ನು ಪ್ರತಿಯೊಂದು ನೋಡ್‌ನಿಂದಲೂ ಪ್ರತ್ಯೇಕವಾಗಿ ಇಟ್ಟು, ದೊರೆತ ಉತ್ತರಗಳನ್ನೆಲ್ಲ ಒಂದುಗೂಡಿಸಲಾಗುತ್ತದೆ. ಎರಡನೆಯದು, ಒಂದುಗೂಡಿಸುವಾಗ ಒಂದೇ ನೋಡ್ ಎರಡು ಸಲ ಬಂದರೂ ಅದನ್ನು ಒಂದೇ ಸಲ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ನಮ್ಮ ಪಟ್ಟಿಯಲ್ಲಿ 35 ಅಥವಾ ಅದಕ್ಕೆ ಮೇಲ್ಪಟ್ಟ ಅಂಕಗಳು ಐದು ಇವೆ. ಆದರೆ //ಅಂಕ[. >= 35]/.. ಎಂಬ ಸೂತ್ರವು ಐದು ತಾಯಿನೋಡ್‌ಗಳನ್ನಲ್ಲ, ಮೂರನ್ನು ಮಾತ್ರ ಕೊಡುತ್ತದೆ: 1, 2 ಮತ್ತು 4. ಎರಡನೆಯ ಹಾಗೂ ನಾಲ್ಕನೆಯ ವಿದ್ಯಾರ್ಥಿಗಳನ್ನು ತಲಾ ಎರಡು ಅಂಕಗಳ ಮೂಲಕ ತಲುಪಿದರೂ ಅವರು ಒಬ್ಬೊಬ್ಬರೇ ಅಲ್ಲವೆ? ಇದೇ ಕೆಲಸವನ್ನು ಪಥಸೂತ್ರದ ಬದಲಾಗಿ ಎಕ್ಸ್‌ಕ್ವೆರಿ ಭಾಷೆಯ ಆವರ್ತನವಾಕ್ಯದಿಂದ, ಅಂದರೆ ಒಂದೊಂದು ಅಂಕವನ್ನೂ ಸರದಿಯಂತೆ ಹಿಡಿದು ಅದರ ತಾಯಿಯನ್ನು ಹೇಳು ಎಂಬ ರೀತಿಯಿಂದ ಮಾಡಿಸಿದರೆ 1, 2, 2, 4, 4 ಎಂದು ಐದು ಉತ್ತರಗಳು ಬರುತ್ತವೆ. ವಿದ್ಯಾರ್ಥಿಗಳ ಸಂಖ್ಯೆಯನ್ನು ಎಣಿಸಬೇಕಾದವರು ಈ ಅಂತರವನ್ನು ಮರೆಯುವಂತಿಲ್ಲ.

ಮೂರು ಗಣಕ್ರಿಯೆಗಳು

ಎಕ್ಸ್‌ಪಾಥ್‌ನ ಮೊದಲನೆಯ ಆವೃತ್ತಿಯಲ್ಲಿದ್ದ ಗಣಕ್ರಿಯೆ ಸಂಯೋಗವೊಂದೇ. ಅದರ ಚಿಹ್ನೆ ನಿಂತ ಗೆರೆ ( | ). ಛೇದನ, ವ್ಯತ್ಯಾಸಗಳಿಗೆ ಚಿಹ್ನೆಯೇ ಇರಲಿಲ್ಲ. ಆಗ ಮೈಕೇಲ್ ಕೇ ಅವರ ಹೆಸರಿನಿಂದ ಪ್ರಸಿದ್ಧವಾದ ಒಂದು ಉಪಾಯ ಬಳಕೆಗೆ ಬಂದಿತು. ಕ ಮತ್ತು ಖ ಎಂಬ ಎರಡು ಗಣಗಳಿವೆಯೆನ್ನೋಣ. ಕ ಗಣದ ಒಂದು ನೋಡ್ ಅನ್ನು ಖ ಗಣಕ್ಕೆ ಸೇರಿಸಿ ನೋಡಬೇಕು. ಸೇರಿಸಿದ ಮೇಲೂ ಖ ಗಣದ ಎಣಿಕೆ ಹೆಚ್ಚದಿದ್ದರೆ ಆ ನೋಡ್ ಖ ಗಣದಲ್ಲಿ ಮೊದಲೇ ಇತ್ತೆಂದು ಸಿದ್ಧವಾಯಿತು. ಎಣಿಕೆ ಒಂದರಷ್ಟು ಹೆಚ್ಚಿದರೆ ಇರಲಿಲ್ಲವೆಂದಾಯಿತು. ಸಂಯೋಗ ಮತ್ತು ಎಣಿಕೆ ಎಂಬೆರಡು ಸಾಧನಗಳಿಂದಲೇ ಛೇದನವನ್ನೂ ವ್ಯತ್ಯಾಸವನ್ನೂ ಪಡೆಯುವ ಈ ಯುಕ್ತಿಯನ್ನು ಪ್ರೌಢಶಾಲೆಯ ಮಕ್ಕಳಿಗೂ ಮನದಟ್ಟು ಮಾಡಿಸಬಹುದು.

2007ರ ಜನವರಿಯಲ್ಲಿ ಪ್ರಕಟವಾದ ಎಕ್ಸ್‌ಪಾಥ್ ಎರಡನೆಯ ಆವೃತ್ತಿಯೂ, ಅದರ ಜೊತೆಯಲ್ಲೇ ಬಂದ ಎಕ್ಸ್‌ಕ್ವೆರಿ ಭಾಷೆಯೂ ಈ ಕೊರತೆಯನ್ನು ನೀಗಿದವು. ಸಂಯೋಗಕ್ಕೆ ನಿಂತ ಗೆರೆಯ ಜೊತೆಗೆ ಯೂನಿಯನ್, ಛೇದನಕ್ಕೆ ಇಂಟರ್‌ಸೆಕ್ಟ್, ವ್ಯತ್ಯಾಸಕ್ಕೆ ಎಕ್ಸೆಪ್ಟ್ ಎಂಬ ಪದಗಳು ಭಾಷೆಯೊಳಗೆ ಬಂದವು. ಯಂತ್ರಕ್ಕೆ ಕೊಡುವಾಗ ಈ ಪದಗಳನ್ನು ರೋಮನ್ ಲಿಪಿಯಲ್ಲೇ ಬರೆಯಬೇಕು. ವಾಚಕರ ಅನುಕೂಲಕ್ಕಾಗಿ ಇಲ್ಲಿ ಛೇದನ, ವ್ಯತ್ಯಾಸ ಎಂಬ ಕನ್ನಡ ಪದಗಳನ್ನೇ ಸೂತ್ರಗಳ ನಡುವೆ ಬಳಸಿದೆ.

ಈ ಕ್ರಿಯೆಗಳು ನೋಡ್‌ಗಳ ಮೌಲ್ಯವನ್ನು ನೋಡುವುದಿಲ್ಲ, ಅವುಗಳ ಅನನ್ಯತೆಯನ್ನು ನೋಡುತ್ತವೆ. ಒಂದನೆಯ ವಿದ್ಯಾರ್ಥಿಗೆ ಕನ್ನಡದಲ್ಲಿ 72, ನಾಲ್ಕನೆಯ ವಿದ್ಯಾರ್ಥಿಗೆ ಗಣಿತದಲ್ಲಿ 72. ಇವರಿಬ್ಬರ ಅಂಕಗಳ ಛೇದನವನ್ನು ಕೇಳಿದರೆ ಶೂನ್ಯಗಣವೇ ಉತ್ತರ. ಬರೆದ ಸಂಖ್ಯೆ ಒಂದೇ ಆದರೂ ಮರದಲ್ಲಿ ಅವು ಎರಡು ಬೇರೆ ಎಲೆಗಳು. ಎಸ್‌ಕ್ಯೂಎಲ್ ಎಂಬ ಕೋಷ್ಟಕಗಳ ಪ್ರಶ್ನಾಭಾಷೆಯಲ್ಲಿಯೂ ಇದೇ ಹೆಸರಿನ ಗಣಕ್ರಿಯೆಗಳುಂಟು; ಆದರೆ ಅಲ್ಲಿ ಹೋಲಿಕೆ ನಡೆಯುವುದು ಸಾಲುಗಳಲ್ಲಿರುವ ಮೌಲ್ಯಗಳ ನಡುವೆ. ಎರಡು ಭಾಷೆಗಳ ರಚನೆಯಲ್ಲಿಯೂ ಡೊನಾಲ್ಡ್ ಚೇಂಬರ್ಲಿನ್ ಎಂಬ ಒಬ್ಬರೇ ವಿದ್ವಾಂಸರು ಪ್ರಮುಖ ಪಾತ್ರ ವಹಿಸಿದ್ದರೂ ಈ ಭೇದ ಉಳಿದಿದೆ. ಏಕೆಂದರೆ ಕೋಷ್ಟಕಕ್ಕೂ ಮರಕ್ಕೂ ಸ್ವಭಾವವೇ ಬೇರೆ.

ಇದರ ಪರಿಣಾಮ ಲೌಕಿಕ ವ್ಯವಹಾರದಲ್ಲಿ ಕಾಣುವಂಥದು. ಕಳೆದ ವರ್ಷದ ದಾನಿಗಳ ಪಟ್ಟಿ ಒಂದು ಕಡತದಲ್ಲಿ, ಈ ವರ್ಷದ ಪಟ್ಟಿ ಇನ್ನೊಂದು ಕಡತದಲ್ಲಿದ್ದು, ಮೊದಲನೆಯದರಿಂದ ಎರಡನೆಯದರ ವ್ಯತ್ಯಾಸವನ್ನು ಕೇಳಿದರೆ, ಎರಡೂ ವರ್ಷ ನೆರವು ನೀಡಿದವರೂ ಬಿಟ್ಟುಹೋದವರೆಂದೇ ತೋರಿಬರುವರು. ಎರಡು ಕಡತಗಳ ನೋಡ್‌ಗಳು ಎಂದಿಗೂ ಒಂದೇ ಆಗಲಾರವು. ಇಂತಹ ಸಂದರ್ಭದಲ್ಲಿ ಗಣಕ್ರಿಯೆಯನ್ನು ಬಿಟ್ಟು, ಪ್ರತಿಯೊಬ್ಬರಿಗೂ ಕೊಟ್ಟಿರುವ ಕ್ರಮಸಂಖ್ಯೆಯಂತಹ ಒಂದು ಮೌಲ್ಯವನ್ನು ನಿಬಂಧನೆಯಲ್ಲಿ ಹೋಲಿಸುವುದೇ ಸರಿಯಾದ ಮಾರ್ಗ.

ಇನ್ನೊಂದು ವಿಶೇಷವೆಂದರೆ ಕ್ರಮ. ಗಣಿತದ ಗಣಕ್ಕೆ ಕ್ರಮವಿಲ್ಲ. ಆದರೆ ಇಲ್ಲಿಯ ಗಣಕ್ರಿಯೆಗಳ ಫಲವು ದಾಖಲೆಯಲ್ಲಿ ಬರೆದಿರುವ ಕ್ರಮದಲ್ಲೇ ಜೋಡಣೆಗೊಂಡು ಬರುತ್ತದೆ. ಹತ್ತನೆಯ ತರಗತಿಯವರನ್ನು ಮೊದಲು ಬರೆದು, ಒಂಬತ್ತನೆಯ ತರಗತಿಯವರನ್ನು ಆಮೇಲೆ ಬರೆದು ಸಂಯೋಗ ಮಾಡಿ, ಅದರ ಮೊದಲನೆಯ ಅಂಶವನ್ನು ಕೇಳಿದರೂ ಸಿಗುವುದು ಒಂದನೆಯ ವಿದ್ಯಾರ್ಥಿಯೇ. ಬರೆದ ಕ್ರಮವೇ ಉಳಿಯಬೇಕೆಂದರೆ ನಿಂತ ಗೆರೆಯ ಬದಲು ಅಲ್ಪವಿರಾಮದಿಂದ ಜೋಡಿಸಬೇಕು. ಆಗ ಮೂರನೆಯ ವಿದ್ಯಾರ್ಥಿ ಮೊದಲಿಗೆ ಬರುತ್ತಾನೆ. ಆದರೆ ಅಲ್ಪವಿರಾಮವು ಪುನರಾವೃತ್ತಿಯನ್ನು ನೀಗಿಸುವುದಿಲ್ಲ.

ಹೆಜ್ಜೆಯ ಮುಂಚೆಯೋ, ಹೆಜ್ಜೆಯ ಬಳಿಕವೋ?

ಈಗ ಮುಖ್ಯ ವಿಷಯಕ್ಕೆ ಬರೋಣ. ಮೂರು ಅಂಕಗಣಗಳನ್ನು ಹೆಸರಿಸಿಕೊಳ್ಳೋಣ:

ಸಮಸ್ತ = //ಅಂಕ (ಎಂಟು ನೋಡ್‌ಗಳು)
ಉತ್ತೀರ್ಣ = //ಅಂಕ[. >= 35] (ಐದು ನೋಡ್‌ಗಳು)
ಅನುತ್ತೀರ್ಣ = //ಅಂಕ[. < 35] (ಮೂರು ನೋಡ್‌ಗಳು)

ಮೊದಲು ಸಂಯೋಗವನ್ನು ಪರೀಕ್ಷಿಸೋಣ. (ಉತ್ತೀರ್ಣ | ಅನುತ್ತೀರ್ಣ)/.. ಎಂದರೂ, ಉತ್ತೀರ್ಣ/.. | ಅನುತ್ತೀರ್ಣ/.. ಎಂದರೂ ಫಲ 1, 2, 3, 4 ಎಂಬ ನಾಲ್ವರೇ. ಇಲ್ಲಿ ತೊಡಕಿಲ್ಲ.

ಇನ್ನು ಎಲ್ಲ ವಿಷಯಗಳಲ್ಲಿಯೂ ತೇರ್ಗಡೆಯಾದವರ ಪಟ್ಟಿ ಬೇಕಾಗಿದೆಯೆನ್ನೋಣ. ಸಮಸ್ತದಿಂದ ಅನುತ್ತೀರ್ಣವನ್ನು ಕಳೆದರಾಯಿತು ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಎಲ್ಲಿ ಕಳೆಯಬೇಕು?

(ಸಮಸ್ತ ವ್ಯತ್ಯಾಸ ಅನುತ್ತೀರ್ಣ)/..

ಎಂದು ಬರೆದರೆ, ಎಂಟು ಅಂಕಗಳಿಂದ ಮೂರನ್ನು ಕಳೆದು ಉಳಿದ ಐದರ ತಾಯಂದಿರನ್ನು ಹುಡುಕಲಾಗುತ್ತದೆ. ಫಲ: 1, 2, 4. ಗಣಿತದಲ್ಲಿ 31 ಅಂಕ ಪಡೆದ ಒಂದನೆಯ ವಿದ್ಯಾರ್ಥಿಯೂ ಪಟ್ಟಿಯೊಳಗೆ ಬಂದುಬಿಟ್ಟ! ಗಣಿತದ ಅಂಕವನ್ನು ಕಳೆದರೂ ಕನ್ನಡದ 72 ಅಂಕ ಉಳಿದಿತ್ತು. ಅದನ್ನು ಹಿಡಿದು ಮೇಲೇರಿದಾಗ ದೊರೆತದ್ದು ಅದೇ ವಿದ್ಯಾರ್ಥಿ. ಇದಕ್ಕೆ ಪ್ರತಿಯಾಗಿ,

ಸಮಸ್ತ/.. ವ್ಯತ್ಯಾಸ ಅನುತ್ತೀರ್ಣ/..

ಎಂದು ಬರೆದರೆ, ನಾಲ್ವರು ವಿದ್ಯಾರ್ಥಿಗಳ ಗಣದಿಂದ 1, 3 ಎಂಬ ಇಬ್ಬರು ವಿದ್ಯಾರ್ಥಿಗಳನ್ನು ಕಳೆಯಲಾಗುತ್ತದೆ. ಫಲ: 2, 4. ಇದೇ ನಾವು ಬಯಸಿದ ಪಟ್ಟಿ. ಮೊದಲನೆಯ ಸೂತ್ರವು ಯಾವುದಾದರೂ ಒಂದು ವಿಷಯದಲ್ಲಿ ತೇರ್ಗಡೆಯಾದವರನ್ನು ಕೊಟ್ಟಿತು. ಎರಡನೆಯದು ಎಲ್ಲ ವಿಷಯಗಳಲ್ಲಿ ತೇರ್ಗಡೆಯಾದವರನ್ನು ಕೊಟ್ಟಿತು. ಒಂದು ಆವರಣಚಿಹ್ನೆಯ ಸ್ಥಾನದಿಂದ ‘ಒಂದಾದರೂ’ ಎಂಬುದು ‘ಎಲ್ಲವೂ’ ಎಂದಾಗಿ ಮಾರ್ಪಟ್ಟಿತು.

ಛೇದನದ ವಿಷಯವೂ ಹೀಗೆಯೇ. ಒಂದು ವಿಷಯದಲ್ಲಿ ತೇರ್ಗಡೆಯಾಗಿ ಇನ್ನೊಂದರಲ್ಲಿ ಹಿಂದುಳಿದವರಿಗೆ ವಿಶೇಷ ಪಾಠವನ್ನು ಏರ್ಪಡಿಸಬೇಕಾಗಿದೆ.

(ಉತ್ತೀರ್ಣ ಛೇದನ ಅನುತ್ತೀರ್ಣ)/..

ಎಂದು ಕೇಳಿದರೆ ಉತ್ತರ ಶೂನ್ಯ. ಒಂದೇ ಅಂಕವು 35ಕ್ಕಿಂತ ಕಡಿಮೆಯೂ ಅದಕ್ಕೆ ಮೇಲ್ಪಟ್ಟುದೂ ಆಗಿರಲು ಸಾಧ್ಯವಿಲ್ಲವಷ್ಟೆ. ವಿಶೇಷ ಪಾಠ ಯಾರಿಗೂ ಬೇಡವೆಂದು ಮುಖ್ಯೋಪಾಧ್ಯಾಯರು ಸಮಾಧಾನಪಟ್ಟುಕೊಳ್ಳಬಹುದು. ಆದರೆ

ಉತ್ತೀರ್ಣ/.. ಛೇದನ ಅನುತ್ತೀರ್ಣ/..

ಎಂದು ಕೇಳಿದಾಗ ಒಂದನೆಯ ವಿದ್ಯಾರ್ಥಿ ಕಣ್ಣಿಗೆ ಬೀಳುತ್ತಾನೆ. ಕನ್ನಡದಲ್ಲಿ 72 ಪಡೆದೂ ಗಣಿತದಲ್ಲಿ ನಾಲ್ಕು ಅಂಕಗಳಿಂದ ಎಡವಿದ ಈ ವಿದ್ಯಾರ್ಥಿಗೆ ನೆರವಿನ ಅಗತ್ಯ ಎಲ್ಲರಿಗಿಂತ ಸ್ಪಷ್ಟವಾಗಿದೆ. ತಪ್ಪು ಸೂತ್ರವು ಒಮ್ಮೆ ಈತನನ್ನು ಸಲ್ಲದ ಪಟ್ಟಿಗೆ ಸೇರಿಸಿತು. ಮತ್ತೊಮ್ಮೆ ಸಲ್ಲಬೇಕಾದ ಪಟ್ಟಿಯಿಂದ ಹೊರಗಿಟ್ಟಿತು. ಎರಡೂ ಸಲ ನಷ್ಟ ಅದೇ ವಿದ್ಯಾರ್ಥಿಯದು.

ಕಾರಣವಿಚಾರ

ಸಂಯೋಗಕ್ಕೆ ಒಗ್ಗುವ ನಿಯಮ ಉಳಿದೆರಡಕ್ಕೆ ಏಕೆ ಒಗ್ಗುವುದಿಲ್ಲ? ಅಂಕಗಣಿತದಲ್ಲಿ 3 × (5 − 2) ಎಂಬುದೂ 3 × 5 − 3 × 2 ಎಂಬುದೂ ಸಮ. ಇದನ್ನು ವಿಭಾಜಕ ನಿಯಮವೆಂದು ಕಲಿಸುತ್ತೇವೆ. ಆದರೆ (5 − 2)ರ ವರ್ಗ 9, 5ರ ವರ್ಗದಿಂದ 2ರ ವರ್ಗವನ್ನು ಕಳೆದರೆ 21. ಎಲ್ಲ ಕ್ರಿಯೆಗಳೂ ಎಲ್ಲದರ ಮೇಲೂ ಹಂಚಿಕೊಳ್ಳಲಾರವು. ಹೆಜ್ಜೆಯೆಂಬುದೂ ಅಂಥದೇ ಒಂದು ಕ್ರಿಯೆ.

ಹೆಜ್ಜೆಯ ಸ್ವಭಾವವೇ ಒಂದುಗೂಡಿಸುವುದೆಂದು ಮೇಲೆ ಹೇಳಿದೆ. ಸಂಯೋಗವೂ ಒಂದುಗೂಡಿಸುವ ಕ್ರಿಯೆಯೇ. ಎರಡು ಬುಟ್ಟಿಗಳ ಹಣ್ಣನ್ನು ಮೊದಲು ಬೆರೆಸಿ ಬಳಿಕ ತೊಳೆದರೂ, ಬೇರೆಬೇರೆಯಾಗಿ ತೊಳೆದು ಬಳಿಕ ಬೆರೆಸಿದರೂ ಫಲ ಒಂದೇ. ಆದರೆ ವ್ಯತ್ಯಾಸ ಮತ್ತು ಛೇದನಗಳು ಇದು ಅದೇ ಹೌದೋ ಅಲ್ಲವೋ ಎಂಬ ಗುರುತಿನ ಮೇಲೆ ನಿಂತಿವೆ. ಹೆಜ್ಜೆಯಿಟ್ಟಾಗ ಬೇರೆಬೇರೆಯಾಗಿದ್ದ ಎರಡು ನೋಡ್‌ಗಳು ಒಂದೇ ನೋಡ್‌ಗೆ ಬಂದು ಸೇರಬಹುದು. ಎರಡು ಅಂಕಗಳು ಒಬ್ಬ ವಿದ್ಯಾರ್ಥಿಯಲ್ಲಿ ಸೇರಿದಂತೆ. ಹೀಗೆ ಸೇರಿದೊಡನೆ ಹಿಂದಿನ ಭೇದ ಅಳಿದುಹೋಗುತ್ತದೆ. ಭೇದ ಅಳಿಯುವ ಮುಂಚೆ ಕಳೆಯುವುದು ಬೇರೆ, ಅಳಿದ ಮೇಲೆ ಕಳೆಯುವುದು ಬೇರೆ.

ಇದರಿಂದಲೇ ನಿಯಮವು ಎಲ್ಲಿ ಸುರಕ್ಷಿತವೆಂಬುದೂ ತಿಳಿಯುತ್ತದೆ. ತಾಯಿಯಿಂದ ಮಗುವಿಗೆ ಇಳಿಯುವ ಹೆಜ್ಜೆಯಲ್ಲಿ ಎರಡು ನೋಡ್‌ಗಳು ಒಂದರಲ್ಲಿ ಸೇರುವ ಸಂಭವವೇ ಇಲ್ಲ. ಏಕೆಂದರೆ ಪ್ರತಿಯೊಂದು ಮಗುವಿಗೂ ತಾಯಿ ಒಬ್ಬಳೇ. ಆದುದರಿಂದ ವಿದ್ಯಾರ್ಥಿಗಳ ಎರಡು ಗಣಗಳ ವ್ಯತ್ಯಾಸವನ್ನು ಮಾಡಿ ಅಂಕಗಳಿಗೆ ಇಳಿದರೂ, ಇಳಿದ ಮೇಲೆ ವ್ಯತ್ಯಾಸ ಮಾಡಿದರೂ ಫಲ ಒಂದೇ. ಗುಣಸೂಚಕಗಳಿಗೆ, ಎಂದರೆ ಕ್ರಮ, ವಿಷಯ ಮುಂತಾದವುಗಳಿಗೆ ಇಳಿಯುವಾಗಲೂ ಹಾಗೆಯೇ. ತಾಯಿಗೆ, ಪೂರ್ವಜರಿಗೆ, ಒಡಹುಟ್ಟಿದವರಿಗೆ ಸಾಗುವ ಹೆಜ್ಜೆಗಳಲ್ಲಿ ಈ ಭರವಸೆಯಿಲ್ಲ.

ಜೋಡಿ ಓರೆಗೆರೆಯ ಆಳದ ಹೆಜ್ಜೆ ಇಳಿಯುವಂಥದಾದರೂ ಸುರಕ್ಷಿತವಲ್ಲ. ಕ ಎಂಬುದು ಇಡೀ ಶಾಲೆ, ಖ ಎಂಬುದು ಒಂಬತ್ತನೆಯ ತರಗತಿ ಎನ್ನೋಣ. ಇವೆರಡು ಬೇರೆ ನೋಡ್‌ಗಳಾದುದರಿಂದ (ಕ ವ್ಯತ್ಯಾಸ ಖ)//ಅಂಕ ಎಂದರೆ ಶಾಲೆಯ ಎಂಟೂ ಅಂಕಗಳು ಬರುತ್ತವೆ. ಕ//ಅಂಕ ವ್ಯತ್ಯಾಸ ಖ//ಅಂಕ ಎಂದರೆ ಹತ್ತನೆಯ ತರಗತಿಯ ನಾಲ್ಕು ಅಂಕಗಳು ಮಾತ್ರ ಉಳಿಯುತ್ತವೆ. ಒಂದು ಅಂಕಕ್ಕೆ ತಾಯಿ ಒಬ್ಬಳೇ ಆದರೂ ಪೂರ್ವಜರು ಹಲವರೆಂಬುದೇ ಇದಕ್ಕೆ ಕಾರಣ.

ತಪ್ಪು ಯಾವ ದಿಕ್ಕಿಗೆ ವಾಲುತ್ತದೆಂಬುದೂ ನಿಶ್ಚಿತ. ಹೆಜ್ಜೆಯ ಮುಂಚೆ ವ್ಯತ್ಯಾಸ ಮಾಡಿದ ಪಟ್ಟಿ, ಬಳಿಕ ಮಾಡಿದ ಪಟ್ಟಿಯಷ್ಟೇ ಇರುತ್ತದೆ ಅಥವಾ ಅದಕ್ಕಿಂತ ದೊಡ್ಡದಾಗಿರುತ್ತದೆ, ಎಂದಿಗೂ ಚಿಕ್ಕದಾಗದು. ಹೆಜ್ಜೆಯ ಮುಂಚೆ ಛೇದನ ಮಾಡಿದ ಪಟ್ಟಿ, ಬಳಿಕ ಮಾಡಿದುದರಷ್ಟೇ ಇರುತ್ತದೆ ಅಥವಾ ಅದಕ್ಕಿಂತ ಚಿಕ್ಕದಾಗಿರುತ್ತದೆ, ಎಂದಿಗೂ ದೊಡ್ಡದಾಗದು. ಎರಡು ಪಟ್ಟಿಗಳ ಎಣಿಕೆಯನ್ನು ಹೋಲಿಸಿ ನೋಡಬಯಸುವವರಿಗೆ ಇದು ಉತ್ತಮವಾದ ಒರೆಗಲ್ಲು.

ಹೆಜ್ಜೆಯೊಂದನ್ನು ನಡುವೆ ತಾರದೆ ಒಂದೇ ಜಾತಿಯ ನೋಡ್‌ಗಳ ಮೇಲೆ ಮಾತ್ರ ಕ್ರಿಯೆ ನಡೆಸುವಾಗ ಶಾಲೆಯಲ್ಲಿ ಕಲಿತ ನಿಯಮಗಳೆಲ್ಲ ಹಾಗೆಯೇ ಸಲ್ಲುತ್ತವೆ. 1806ರಲ್ಲಿ ನಮ್ಮ ನೆರೆಯ ತಮಿಳುನಾಡಿನ ಮಧುರೆಯಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ಖ್ಯಾತರಾದ ಆಗಸ್ಟಸ್ ಡಿ ಮಾರ್ಗನ್ ಅವರ ಹೆಸರಿನ ನಿಯಮಗಳೂ ಇದಕ್ಕೆ ಹೊರತಲ್ಲ. ಕ ಗಣದಿಂದ ಖ, ಗ ಎಂಬ ಗಣಗಳ ಸಂಯೋಗವನ್ನು ಕಳೆಯುವುದೂ, ಕ ಗಣದಿಂದ ಅವನ್ನು ಬೇರೆಬೇರೆಯಾಗಿ ಕಳೆದು ಬಂದ ಫಲಗಳ ಛೇದನವನ್ನು ತೆಗೆಯುವುದೂ ನೋಡ್‌ಗಳ ಲೋಕದಲ್ಲಿಯೂ ಒಂದೇ.

ಆವರಣಚಿಹ್ನೆಗಳ ಮಹತ್ತ್ವ

ಗುಣಾಕಾರವು ಸಂಕಲನಕ್ಕಿಂತ ಮೊದಲು ನಡೆಯುವಂತೆ ಇಲ್ಲಿಯೂ ಒಂದು ಆದ್ಯತೆಯ ಕ್ರಮವುಂಟು. ಪಥದ ಓರೆಗೆರೆ ಎಲ್ಲಕ್ಕಿಂತ ಬಿಗಿಯಾಗಿ ಬಂಧಿಸುತ್ತದೆ, ಅನಂತರ ಛೇದನ ಮತ್ತು ವ್ಯತ್ಯಾಸಗಳು ಸಮಾನ ಅಂತಸ್ತಿನಲ್ಲಿ, ಎಡದಿಂದ ಬಲಕ್ಕೆ, ಕೊನೆಯಲ್ಲಿ ಸಂಯೋಗ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳ ಗಣವನ್ನು ಒಂಬತ್ತು ಎಂದೂ, ಹತ್ತನೆಯದನ್ನು ಹತ್ತು ಎಂದೂ ಕರೆದು,

ಒಂಬತ್ತು | ಹತ್ತು ವ್ಯತ್ಯಾಸ ಅನುತ್ತೀರ್ಣ/..

ಎಂದು ಬರೆದರೆ ವ್ಯತ್ಯಾಸವು ಹತ್ತನೆಯ ತರಗತಿಗೆ ಮಾತ್ರ ತಗಲುತ್ತದೆ. ಮೂರನೆಯ ವಿದ್ಯಾರ್ಥಿ ಹೊರಗಾಗುತ್ತಾನೆ, ಆದರೆ ಒಂಬತ್ತನೆಯ ತರಗತಿಯ ಒಂದನೆಯ ವಿದ್ಯಾರ್ಥಿ ಒಳಗೇ ಉಳಿಯುತ್ತಾನೆ. ಫಲ 1, 2, 4. ಎರಡು ತರಗತಿಗಳಿಗೂ ಒಂದೇ ನ್ಯಾಯ ಬೇಕಾದರೆ (ಒಂಬತ್ತು | ಹತ್ತು) ಎಂದು ಆವರಣದಲ್ಲಿ ಬರೆಯಬೇಕು; ಆಗ ಫಲ 2, 4.

ಸ್ಥಾನಸಂಖ್ಯೆಯ ನಿಬಂಧನೆಗೂ ಇದೇ ಎಚ್ಚರ ಅವಶ್ಯ. //ತರಗತಿ/ವಿದ್ಯಾರ್ಥಿ[1] ಎಂದರೆ ಪ್ರತಿಯೊಂದು ತರಗತಿಯ ಮೊದಲನೆಯ ವಿದ್ಯಾರ್ಥಿ, ಅಂದರೆ 1 ಮತ್ತು 3. (//ತರಗತಿ/ವಿದ್ಯಾರ್ಥಿ)[1] ಎಂದರೆ ಇಡೀ ಶಾಲೆಯಲ್ಲಿ ಮೊದಲು ಬರುವ ಒಬ್ಬ ವಿದ್ಯಾರ್ಥಿ. ಸಂಯೋಗವನ್ನು ಹಂಚಬಹುದೆಂಬ ನಿಯಮವೂ ಸ್ಥಾನಸಂಖ್ಯೆಯ ಎದುರಿನಲ್ಲಿ ನಿಲ್ಲದು. (ಒಂಬತ್ತು | ಹತ್ತು)[1] ಎಂದರೆ ಒಬ್ಬರು. ಒಂಬತ್ತು[1] | ಹತ್ತು[1] ಎಂದರೆ ಇಬ್ಬರು. ತರಗತಿಗೊಂದು ಬಹುಮಾನವೋ, ಶಾಲೆಗೊಂದು ಬಹುಮಾನವೋ ಎಂಬುದು ಈ ಆವರಣದ ಮೇಲೆ ನಿಂತಿದೆ.

ಗೈರುಹಾಜರಾದ ವಿದ್ಯಾರ್ಥಿ

ಕೊನೆಯದಾಗಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹತ್ತನೆಯ ತರಗತಿಯಲ್ಲಿ ಐದನೆಯ ವಿದ್ಯಾರ್ಥಿಯೊಬ್ಬನಿದ್ದು, ಅನಾರೋಗ್ಯದಿಂದ ಪರೀಕ್ಷೆಗೆ ಕುಳಿತಿಲ್ಲವೆನ್ನೋಣ. ಆತನ ಹೆಸರಿನ ಕೆಳಗೆ ಅಂಕವೇ ಇಲ್ಲ. ಎಲ್ಲ ವಿದ್ಯಾರ್ಥಿಗಳಿಂದ ಅನುತ್ತೀರ್ಣರನ್ನು ಕಳೆಯುವ

//ವಿದ್ಯಾರ್ಥಿ ವ್ಯತ್ಯಾಸ ಅನುತ್ತೀರ್ಣ/..

ಎಂಬ ಸೂತ್ರದಲ್ಲಿ ಈತನು ತೇರ್ಗಡೆಯಾದವರ ಜೊತೆಗೆ ಬಂದು ನಿಲ್ಲುತ್ತಾನೆ; ಕಡಿಮೆ ಅಂಕವೆಂಬುದೊಂದು ಇಲ್ಲದುದರಿಂದ ಆತನನ್ನು ಕಳೆಯುವ ಆಧಾರವೇ ಇಲ್ಲ. ಸಮಸ್ತ/.. ಎಂದು ಅಂಕಗಳಿಂದ ಹೊರಟ ಸೂತ್ರದಲ್ಲಾದರೋ ಆತನು ಮೊದಲಿನಿಂದಲೂ ಗಣದೊಳಗೇ ಇಲ್ಲ. ತೇರ್ಗಡೆಯ ಪಟ್ಟಿಗೆ ಎರಡನೆಯದೇ ಸರಿ. ಆದರೆ ಈತನನ್ನು ಅನುತ್ತೀರ್ಣರ ಪಟ್ಟಿಯಲ್ಲಿ ಹುಡುಕಿದರೂ ಕಾಣಸಿಗುವುದಿಲ್ಲವೆಂಬುದನ್ನು ಮರೆಯಬಾರದು. ಪರೀಕ್ಷೆಗೆ ಬರಲಾಗದವರ ಯೋಗಕ್ಷೇಮವನ್ನು ವಿಚಾರಿಸುವುದಕ್ಕೆ //ವಿದ್ಯಾರ್ಥಿ ವ್ಯತ್ಯಾಸ ಸಮಸ್ತ/.. ಎಂಬ ಮೂರನೆಯ ಪ್ರಶ್ನೆಯನ್ನೇ ಕೇಳಬೇಕು. ಯಾವ ಗಣದಿಂದ ಕಳೆಯುತ್ತಿದ್ದೇವೆಂಬುದನ್ನು ಸ್ಪಷ್ಟಪಡಿಸಿಕೊಳ್ಳದೆ ಕಳೆಯುವ ಕ್ರಿಯೆಗೆ ಅರ್ಥವಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಸ್ಥಾನಸಂಖ್ಯೆ ಅಡ್ಡಬಾರದಿರುವಲ್ಲಿ ಸಂಯೋಗವನ್ನು ಹೆಜ್ಜೆಯ ಈಚೆಗಾಗಲಿ ಆಚೆಗಾಗಲಿ ಒಯ್ಯಬಹುದು. ಛೇದನ ಮತ್ತು ವ್ಯತ್ಯಾಸಗಳನ್ನು ತಾಯಿಯಿಂದ ಮಗುವಿಗೆ ಇಳಿಯುವ ಹೆಜ್ಜೆಯಲ್ಲಿ ಮಾತ್ರ ಹಾಗೆ ಒಯ್ಯಬಹುದು. ಮಿಕ್ಕೆಡೆಗಳಲ್ಲಿ ಪ್ರಶ್ನೆಯ ಅರ್ಥವೇ ಬದಲಾಗುತ್ತದೆ. ಇವುಗಳನ್ನು ಬಳಸುವವರು ಬರೆಯುವ ಮುಂಚೆ ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಪಟ್ಟಿಯಲ್ಲಿ ಬರಬೇಕಾದವರು ಯಾರು, ಅಂಕಗಳೋ ವಿದ್ಯಾರ್ಥಿಗಳೋ? ವಿದ್ಯಾರ್ಥಿಗಳಾದರೆ ಮೊದಲು ವಿದ್ಯಾರ್ಥಿಗಳವರೆಗೆ ನಡೆದು, ಆಮೇಲೆ ಅವರ ಗಣಗಳನ್ನು ಕೂಡಿಸಬೇಕು, ಕಳೆಯಬೇಕು.

2017ರ ಮಾರ್ಚ್‌ನಲ್ಲಿ ಪ್ರಕಟವಾದ ಎಕ್ಸ್‌ಪಾಥ್ 3.1ನೆಯ ಆವೃತ್ತಿಯಲ್ಲಿಯೂ ಈ ನಿಯಮಗಳು ಹಾಗೆಯೇ ಇವೆ. ಅವು ಭಾಷೆಯ ಮೇಲೆ ಹೇರಿದ ಕಟ್ಟಳೆಗಳಲ್ಲ, ಮರದ ಆಕಾರದಿಂದಲೇ ಹುಟ್ಟಿದವು.

ಗಣಿತಾಧ್ಯಾಪಕರು ಗಣಗಳ ಪಾಠವನ್ನು ಮಾಡುವಾಗ ಗಣಕಯಂತ್ರದ ಸಹಾಯವಿಲ್ಲದೆಯೇ ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೆ ಎರಡು ಚೀಟಿಗಳನ್ನು ಕೊಟ್ಟು, ಒಂದೊಂದರ ಮೇಲೆ ಒಂದೊಂದು ವಿಷಯದ ಅಂಕವನ್ನು ಬರೆಸಬೇಕು. ಕಡಿಮೆ ಅಂಕದ ಚೀಟಿಗಳನ್ನು ಮಡಚಿಡಲು ಹೇಳಿ, ಇನ್ನೂ ತೆರೆದ ಚೀಟಿ ಉಳಿದವರನ್ನು ನಿಲ್ಲಿಸಬೇಕು. ಅವರು ಕುಳಿತ ಬಳಿಕ, ಕಡಿಮೆ ಅಂಕದ ಚೀಟಿ ಒಂದಾದರೂ ಇದ್ದವರನ್ನು ಕುಳ್ಳಿರಿಸಿ ಉಳಿದವರನ್ನು ನಿಲ್ಲಿಸಬೇಕು. ಎರಡು ಸಲವೂ ನಿಂತವರು ಒಂದೇ ಅಲ್ಲವೆಂಬುದನ್ನು ಮಕ್ಕಳೇ ಕಂಡು, ಏಕೆಂದು ಪ್ರಶ್ನಿಸುವರು. ಚೀಟಿಯನ್ನು ಕಳೆಯುವುದಕ್ಕೂ ಚೀಟಿ ಹಿಡಿದವರನ್ನು ಕಳೆಯುವುದಕ್ಕೂ ಇರುವ ಅಂತರವು ಅವರಿಗೆ ಅಂದೇ ತಿಳಿದರೆ, ಮುಂದೆ ಎಂತಹ ಪಟ್ಟಿಯನ್ನು ಮಾಡುವ ಹೊಣೆ ಬಂದರೂ ಅವರು ಅದನ್ನು ಪರೀಕ್ಷಿಸದೆ ಸಹಿ ಹಾಕಲಾರರು.